ಕುಜ ಹಿಂದೆ ಸರಿದ ದಿನಗಳು

ಡಿಸೆಂಬರ್ 7, 2024, ಶನಿವಾರ. ಮೈಸೂರು

ಇವತ್ತಿನಿಂದ ಕುಜ ವಕ್ರಿ. ಪಂಚಾಂಗದಲ್ಲಿ ಒಂದೇ ಸಾಲು. ಅತ್ತೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದಿ ಹೇಳಿದರು.

ರಾತ್ರಿ ಹನ್ನೊಂದಕ್ಕೆ ತಾರಸಿಗೆ ಹೋದೆ. ಮೋಡ ಹರಿದು ಹರಿದು ಸಾಗುತ್ತಿತ್ತು. ಪೂರ್ವದಲ್ಲಿ ಕೆಂಪಗೆ ಇದ್ದ, ಪುಷ್ಯದ ಹತ್ತಿರ. ನೆತ್ತಿಯ ಕಡೆ ಗುರು, ರೋಹಿಣಿಯ ಪಕ್ಕ, ಯಾರ ಹಂಗೂ ಇಲ್ಲದವನ ಹಾಗೆ ಹೊಳೆಯುತ್ತಿದ್ದ.

ಒಂದು ರಾತ್ರಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ವಾರಗಟ್ಟಲೆ ನೋಡಿ ಗುರುತು ಹಾಕಿಕೊಂಡವರಿಗೆ ಮಾತ್ರ ವಕ್ರಗತಿ ಕಾಣುತ್ತದೆ. ಬ್ಯಾಬಿಲಾನಿನವರು ಜೇಡಿಮಣ್ಣಿನ ಹಲಗೆಗಳ ಮೇಲೆ ಗುರುತು ಹಾಕಿದರು. ನನ್ನ ಹತ್ತಿರ ಇರುವುದು ಹಳೆಯ ಬೈನಾಕ್ಯುಲರ್, ಜಿ.ಟಿ. ನಾರಾಯಣ ರಾಯರ ನಕ್ಷತ್ರ ಪುಸ್ತಕ, ಒಂದು ನೋಟ್‌ಬುಕ್. ಎರಡು ಸಾವಿರ ವರ್ಷದ ಮಾದರಿಗಳೆಲ್ಲ ಹುಟ್ಟಿದ್ದು ಈ ಒಂದು ಕಿರಿಕಿರಿಯಿಂದ: ನೆಟ್ಟಗೆ ಪೂರ್ವಕ್ಕೆ ಹೋಗುತ್ತಿದ್ದವನು ನಿಂತು, ಹಿಂದೆ ಸರಿದು, ಮತ್ತೆ ಹೊರಡುತ್ತಾನೆ. ಯಾಕೆ?

ಪುಸ್ತಕ ಯುಗಾದಿಯೊಳಗೆ ಕೊಡಬೇಕು.

ಡಿಸೆಂಬರ್ 9

ಸಂಪಾದಕರ ಫೋನ್. ಅಧ್ಯಾಯಗಳ ಪಟ್ಟಿ ನೋಡಿದ್ದಾರೆ. ಟಾಲೆಮಿ ಇರಲಿ, ಕೋಪರ್ನಿಕಸ್ ಇರಲಿ, ಕೆಪ್ಲರ್, ನ್ಯೂಟನ್ ಅಂತೂ ಬೇಕೇ ಬೇಕು. "ಮೇಡಂ, ಈ ನೀಲಕಂಠ, ಟೈಕೋ, ಒಡಿಶಾದ ಸಾಮಂತರು, ಮೂವರದ್ದೂ ಒಂದೇ ಕತೆ ಅಲ್ಲವಾ? ಗ್ರಹಗಳು ಸೂರ್ಯನ ಸುತ್ತ, ಸೂರ್ಯ ಭೂಮಿಯ ಸುತ್ತ. ಅರ್ಧ ಸರಿ, ಅರ್ಧ ತಪ್ಪು. ಸೋತವರಿಗೆ ಇಷ್ಟು ಪುಟ ಯಾಕೆ?"

ನೀಲಕಂಠ ನಮ್ಮವನು ಅಂದೆ. ಹಾಗಾದರೆ ಅವನೊಬ್ಬ ಇರಲಿ ಅಂದರು.

ಅವರಿಗೆ ಹೊದಿಕೆಯ ಮೇಲೆ ಒಂದು ಸಾಲು ಬೇಕಂತೆ, ಕೋಪರ್ನಿಕಸ್‌ಗಿಂತ ಸಾವಿರ ವರ್ಷ ಮೊದಲೇ ಆರ್ಯಭಟ ಹೇಳಿದ್ದ ಎಂದು. ಏನು ಹೇಳಿದ್ದ? 499ರಲ್ಲಿ, ಇಪ್ಪತ್ಮೂರರ ಪ್ರಾಯದಲ್ಲಿ, ಭೂಮಿ ತನ್ನಲ್ಲೇ ತಿರುಗುತ್ತದೆ, ನಕ್ಷತ್ರ ಪಶ್ಚಿಮಕ್ಕೆ ಹೋಗುವುದು ದೋಣಿಯಲ್ಲಿ ಕೂತವನಿಗೆ ದಡ ಹಿಂದೆ ಹೋದಂತೆ ಕಾಣುವ ಬಗೆ ಎಂದ. ಸೂರ್ಯನ ಸುತ್ತ ಹೋಗುತ್ತದೆ ಎನ್ನಲಿಲ್ಲ. ಅವನ ಲೆಕ್ಕದಲ್ಲಿ ಭೂಮಿ ನಡುವೆಯೇ ಇದೆ. ಹೇಳಿದ್ದಷ್ಟೇ ಸಾಕಷ್ಟು ದೊಡ್ಡದು. ಬ್ರಹ್ಮಗುಪ್ತನಂಥವನು 628ರಲ್ಲಿ ಅದನ್ನು ಖಂಡಿಸಿದ, ಆರ್ಯಭಟನ ಭಾಷ್ಯಕಾರರೇ ಕೆಲವರು ಮುಜುಗರಪಟ್ಟು ಬೇರೆ ಅರ್ಥ ಹಚ್ಚಿದರು. ಆ ಒಂಟಿತನದ ಕತೆ ಬರೆಯೋಣ, ಇಲ್ಲದ್ದನ್ನು ಸೇರಿಸುವುದು ಬೇಡ ಅಂದೆ.

ಆಚೆ ಕಡೆ ಮೌನ. ಆಮೇಲೆ ಮಾತಾಡೋಣ ಅಂದರು.

ಡಿಸೆಂಬರ್ 12

ಹುಡುಗನ ಕಡೆಯವರು ಫೋನ್ ಮಾಡಿದ್ದರು. ಜಾತಕ ಕೂಡಿಬರಲಿಲ್ಲವಂತೆ. ನಮ್ಮ ಹುಡುಗಿಗೆ ಕುಜ ಏಳನೇ ಮನೆಯಲ್ಲಿ, ಕುಜದೋಷ.

ಮಗಳು ಬೆಂಗಳೂರಿನಿಂದ, "ಒಳ್ಳೇದೇ ಆಯ್ತು ಬಿಡಮ್ಮ, ಆ ಹುಡುಗ ಮಾತೇ ಆಡ್ತಿರಲಿಲ್ಲ" ಎಂದು ನಕ್ಕಳು. ಇವರು ಪೇಪರಿನಿಂದ ತಲೆ ಎತ್ತಲಿಲ್ಲ. ಅತ್ತೆ ದೇವರ ಮನೆಗೆ ಹೋಗಿ ಕೂತರು.

ನನಗೆ ಮೈ ಉರಿಯಿತು. ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವಳು ಫೋನಿನಲ್ಲಿ "ಪರವಾಗಿಲ್ಲ, ಇರಲಿ ಬಿಡಿ" ಎಂದು ಹೇಳಿ ಇಟ್ಟೆ.

ಡಿಸೆಂಬರ್ 14

ಟೈಕೋ ಬ್ರಾಹೆ ಹುಟ್ಟಿದ್ದು ಇದೇ ದಿನ, 1546ರಲ್ಲಿ.

ಅವನ ಅಧ್ಯಾಯ ಮತ್ತೆ ಓದಿದೆ. ಕತ್ತಿಕಾಳಗದಲ್ಲಿ ಹೋದ ಮೂಗು, ಅಂಟಿಸಿಕೊಂಡ ಲೋಹದ ಮೂಗು, ಅದರಿಂದ ಶುರುವಾಗಿತ್ತು. ಹೊಡೆದು ಹಾಕಿದೆ. ಅವನ ಬಗ್ಗೆ ಬರೆಯುವವರೆಲ್ಲ ಮೂಗಿನಿಂದಲೇ ಶುರು ಮಾಡುತ್ತಾರೆ, ಮೂಗಿನಲ್ಲೇ ಮುಗಿಸುತ್ತಾರೆ.

ಈಗ ಹೀಗಿದೆ: 1572ರಲ್ಲಿ ಆಕಾಶದಲ್ಲಿ ಹೊಸ ನಕ್ಷತ್ರ. ಬದಲಾಗದು ಎಂದಿದ್ದ ಆಕಾಶ ಬದಲಾಯಿತು. 1577ರಲ್ಲಿ ಧೂಮಕೇತು. ಅಳೆದ. ಅದು ಚಂದ್ರನಿಗಿಂತ ಆಚೆ ಇದೆ, ಗ್ರಹಗಳನ್ನು ಹೊತ್ತಿರುವ ಸ್ಫಟಿಕದ ಗೋಳಗಳು ಇದ್ದಲ್ಲಿ ಅವನ್ನು ತೂರಿಕೊಂಡೇ ಹೋಗಬೇಕು. ಅಲ್ಲಿಗೆ ಗೋಳಗಳು ಹೋದವು. ದೂರದರ್ಶಕ ಹುಟ್ಟುವ ಮೊದಲು, ಬರಿಗಣ್ಣಿನಿಂದ, ವೆನ್ ದ್ವೀಪದಲ್ಲಿ ಗೋಡೆಗೆ ಕೂರಿಸಿದ ಹಿತ್ತಾಳೆಯ ಕಂಸದಿಂದ ಡಿಗ್ರಿಯ ಅರವತ್ತನೆಯ ಒಂದು ಭಾಗದವರೆಗೆ, ಅಂದರೆ ಒಂದು ಕಲೆಯವರೆಗೆ, ಅಳೆಯುತ್ತಿದ್ದ ಮನುಷ್ಯ. ಇಂಥವನು ಕೋಪರ್ನಿಕಸ್‌ನನ್ನು ಮೆಚ್ಚಿಯೂ ಭೂಮಿಯನ್ನು ಅಲ್ಲಾಡಿಸಲಿಲ್ಲ. 1588ರಲ್ಲಿ ಅಚ್ಚು ಮಾಡಿದ ಮಾದರಿ: ಐದು ಗ್ರಹ ಸೂರ್ಯನ ಸುತ್ತ, ಆ ಸಂಸಾರ ಸಮೇತ ಸೂರ್ಯ ಭೂಮಿಯ ಸುತ್ತ.

ಹೆದರಿಕೆಯಾ? ಪಾಠಪುಸ್ತಕಗಳು ಹಾಗೇ ಹೇಳುತ್ತವೆ. ಬೈಬಲ್ಲಿನ ಮಾತೂ ಅವನ ವಾದದಲ್ಲಿತ್ತು, ಇಲ್ಲವೆನ್ನಲಾಗದು. ಆದರೆ ಅಳತೆಯ ವಾದ ನೋಡಿದರೆ ನಾನು ಅವನ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ.

ಭೂಮಿ ಸೂರ್ಯನನ್ನು ಸುತ್ತಿದರೆ ಆರು ತಿಂಗಳಿಗೊಮ್ಮೆ ನಾವು ಆ ಕಡೆಯಿಂದ ಈ ಕಡೆಗೆ ಬಂದಿರುತ್ತೇವೆ. ಹತ್ತಿರದ ನಕ್ಷತ್ರ ದೂರದ ನಕ್ಷತ್ರಗಳ ಎದುರು ಸ್ವಲ್ಪ ಪಕ್ಕಕ್ಕೆ ಸರಿದಂತೆ ಕಾಣಬೇಕು. ಪ್ಯಾರಲಾಕ್ಸ್. ಅವನಿಗೆ ಕಾಣಲಿಲ್ಲ. ಹಾಗಾದರೆ ನಕ್ಷತ್ರಗಳು ಶನಿಗಿಂತ ಕನಿಷ್ಠ 700 ಪಟ್ಟು ದೂರ ಇರಬೇಕು. ಇರಲಿ, ದೂರ ಇದ್ದರೆ ಇರಲಿ. ಆದರೆ ಕಣ್ಣಿಗೆ ನಕ್ಷತ್ರ ಬರೀ ಚುಕ್ಕಿಯಲ್ಲ, ಸಣ್ಣ ಬಿಲ್ಲೆಯಂತೆ ಕಾಣುತ್ತದೆ. ಸಾಧಾರಣ ನಕ್ಷತ್ರಕ್ಕೆ ಸುಮಾರು ಒಂದು ಕಲೆ ಅಗಲ ಎಂದು ಅವನ ಅಳತೆ. ಅಷ್ಟು ದೂರದಲ್ಲಿದ್ದು ಅಷ್ಟು ಅಗಲ ಕಾಣಬೇಕಾದರೆ ಒಂದೊಂದು ನಕ್ಷತ್ರವೂ ಭೂಮಿಯ ಇಡೀ ಕಕ್ಷೆಯಷ್ಟು ದೊಡ್ಡದಿರಬೇಕು. ಸೂರ್ಯ ಅವುಗಳ ಮುಂದೆ ಧೂಳಿನ ಕಣ. ಇದು ಹುಚ್ಚು ಅಂದ.

ಕೋಪರ್ನಿಕಸ್ ಪಕ್ಷದ ರಾಥ್‌ಮನ್ ಏನು ಉತ್ತರ ಕೊಟ್ಟ? ದೇವರು ಅಪಾರ, ಅವನ ಸೃಷ್ಟಿಯೂ ಅಪಾರವಾಗಿದ್ದರೆ ತಪ್ಪೇನು ಎಂದು.

ಅಂದರೆ ಸರಿಯಿದ್ದವರು ದೇವರನ್ನು ಕರೆದರು, ತಪ್ಪಿದ್ದವನು ಅಳತೆಪಟ್ಟಿ ಹಿಡಿದು ನಿಂತಿದ್ದ. ಇದನ್ನು ಸಂಪಾದಕರಿಗೆ ಹೇಗೆ ಹೇಳುವುದು.

ಆ ಬಿಲ್ಲೆ ಬೆಳಕಿನದೇ ಮಾಯೆ, ನಕ್ಷತ್ರದ ಗಾತ್ರವಲ್ಲ. ದೂರದರ್ಶಕದಲ್ಲಿ ಕಾಣುವ ಬಿಲ್ಲೆಯ ಲೆಕ್ಕವನ್ನು ಏರಿ ಎಂಬಾತ ಬಿಡಿಸಿದ್ದು 1835ರಲ್ಲಿ. ಟೈಕೋ ಸತ್ತು ಎರಡು ಶತಮಾನ ಕಳೆದಿತ್ತು.

ಡಿಸೆಂಬರ್ 18

ಮೋಡ. ಬರೆಯಲಿಲ್ಲ. ಅವರೆಕಾಳು ಸುಲಿದೆ.

ಡಿಸೆಂಬರ್ 27

ಇವತ್ತು ಕೆಪ್ಲರ್ ಹುಟ್ಟಿದ ದಿನ, 1571. ಇಬ್ಬರ ನಡುವೆ ಹದಿಮೂರು ದಿನ, ಇಪ್ಪತ್ತೈದು ವರ್ಷ.

ಬಾಲ್ಯದಲ್ಲಿ ಸಿಡುಬು ಬಂದು ಕಣ್ಣು ಮಂದವಾದ ಹುಡುಗ. ಗ್ರಾಟ್ಸ್‌ನಲ್ಲಿ ಮೇಷ್ಟರು. 1595ರ ಜುಲೈಯಲ್ಲಿ ಪಾಠ ಮಾಡುವಾಗ ಹೊಳೆದದ್ದು: ಗ್ರಹಗಳು ಆರೇ ಯಾಕೆ? ಸಮಘನಗಳು ಐದೇ ಇವೆಯಲ್ಲ, ಆರು ಗೋಳಗಳ ನಡುವಿನ ಐದು ಸಂದುಗಳಿಗೆ ಐದು ಸಮಘನ. ಘನ, ಚತುಷ್ಫಲಕ, ದ್ವಾದಶಫಲಕ ಒಂದರೊಳಗೊಂದು ಕೂರಿಸಿದ ಆ ಚಿತ್ರ ಎಷ್ಟು ಚೆಂದ! 1596ರಲ್ಲಿ ಪುಸ್ತಕವಾಯಿತು. ಪೂರ್ತಿ ತಪ್ಪು. ಆದರೂ ಪ್ರತಿಸಲ ಆ ಚಿತ್ರ ನೋಡಿದಾಗ ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ. ಅವನಿಗೂ ಅದರ ಮೋಹ ಬಿಡಲಿಲ್ಲ. 1621ರಲ್ಲಿ ಮತ್ತೆ ಅಚ್ಚು ಮಾಡಿಸಿದ.

ಅದೇ ಮನುಷ್ಯ 1600ರಲ್ಲಿ ಟೈಕೋ ಹತ್ತಿರ ಬಂದ. ಸಿಕ್ಕಿದ ಕೆಲಸ: ಕುಜ. ಹಿಂದೆಂದೂ ಇಲ್ಲದಷ್ಟು ಒಳ್ಳೆಯ ಲೆಕ್ಕ ಕಟ್ಟಿದ, ಎಂಟು ಕಲೆ ಮಾತ್ರ ತಪ್ಪು. ಹುಣ್ಣಿಮೆ ಚಂದ್ರನ ಅಗಲದ ಕಾಲುಭಾಗ. ಟಾಲೆಮಿಯಾದರೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಕೆಪ್ಲರ್ ಬಿಡಲಿಲ್ಲ, ಏಕೆಂದರೆ ಅಳೆದವನು ಟೈಕೋ, ಟೈಕೋ ಎಂಟು ಕಲೆ ತಪ್ಪುವವನಲ್ಲ. ಮಂದಗಣ್ಣಿನವನಿಗೆ ಇನ್ನೊಬ್ಬನ ಕಣ್ಣಿನ ಮೇಲೆ ಅಷ್ಟು ನಂಬಿಕೆ. ಲೆಕ್ಕ ಕೆಡವಿದ. ವೃತ್ತವನ್ನೇ ಬಿಟ್ಟ. 1609ರಲ್ಲಿ ದೀರ್ಘವೃತ್ತ.

ಟೈಕೋ ಸಾಯುವಾಗ ತನ್ನ ಮಾದರಿಯನ್ನು ಕೈಬಿಡಬೇಡ ಎಂದು ಕೇಳಿಕೊಂಡಿದ್ದನಂತೆ. ಕೆಪ್ಲರ್ ಕೈಬಿಟ್ಟ. ಆದರೆ 1609ರ ಆ ಪುಸ್ತಕದಲ್ಲಿ ಒಂದೊಂದು ಮೆಟ್ಟಿಲಿನಲ್ಲೂ ಮೂರು ಮಾದರಿಗಳನ್ನೂ, ಟಾಲೆಮಿಯದು, ಕೋಪರ್ನಿಕಸ್‌ನದು, ಟೈಕೋನದು, ಪಕ್ಕಪಕ್ಕ ಇಟ್ಟು ತೋರಿಸುತ್ತಾನೆ. ಋಣ ತೀರಿಸುವ ಒಂದು ಬಗೆ ಇರಬಹುದು.

ಹೊಟ್ಟೆಪಾಡಿಗೆ ಜಾತಕ ಬರೆಯುತ್ತಿದ್ದ. ಸೇನಾಪತಿ ವಾಲೆನ್‌ಸ್ಟೈನ್‌ನ ಜಾತಕ ಅವನೇ ಬರೆದದ್ದು. ತಾಯಿಯ ಮೇಲೆ ಮಾಟಗಾತಿ ಎಂಬ ಆಪಾದನೆ 1615ರಿಂದ. ಸರಪಳಿ ಹಾಕಿ ಕೂಡಿಟ್ಟರು. ಮಗ ಕೆಲಸ ಬಿಟ್ಟು ಬಂದು ವಾದಿಸಿ 1621ರಲ್ಲಿ ಬಿಡಿಸಿಕೊಂಡ. ಮೂರನೇ ನಿಯಮ ಬಂದದ್ದು ಈ ಗಲಾಟೆಯ ನಡುವೆ, 1618ರ ಮೇ ತಿಂಗಳಲ್ಲಿ.

ಜಾತಕ ಬರೆಯುವಾಗ ನಂಬಿ ಬರೆಯುತ್ತಿದ್ದನಾ? ಅರ್ಧ ನಂಬಿ, ಅರ್ಧ ನಗುತ್ತಾ? ಓದಿದಷ್ಟೂ ಗೊಂದಲವೇ.

ಜನವರಿ 3, 2025

ಸಂಜೆ ಶುಕ್ರನ ಪಕ್ಕ ಎಳೆ ಚಂದ್ರ. ಬೀದಿಯವರೆಲ್ಲ ಮೊಬೈಲ್ ಎತ್ತಿ ಫೋಟೋ ತೆಗೆದರು. ನಾನೂ ತೆಗೆದೆ. ಎರಡು ಬಿಳಿ ಕಲೆ ಬಿದ್ದಿವೆ.

ಟಾಲೆಮಿ ಅಧ್ಯಾಯ ಮುಗಿಯಿತು. ಈ ಸಲ ಒಂದು ಲೆಕ್ಕ ಮಾಡಿ ನೋಡಿದೆ, ಮೊದಲೇ ಯಾಕೆ ಮಾಡಲಿಲ್ಲವೋ. ಗೋಳದ ಮೇಲೆ ಗೋಳ ಜೋಡಿಸಿ, ನಡುವೆ ಒಂದಿಷ್ಟೂ ಜಾಗ ವ್ಯರ್ಥ ಮಾಡದೆ, ನಕ್ಷತ್ರಗಳ ಗೋಳ ಭೂಮಿಯ ತ್ರಿಜ್ಯದ ಸುಮಾರು 20,000 ಪಟ್ಟು ದೂರ ಎಂದ ಅವನು. ಕಿಲೋಮೀಟರಿನಲ್ಲಿ ಹನ್ನೆರಡೂ ಮುಕ್ಕಾಲು ಕೋಟಿ. ಸೂರ್ಯ ಇರುವುದು ಹದಿನೈದು ಕೋಟಿ ಕಿಲೋಮೀಟರ್ ದೂರದಲ್ಲಿ. ಶನಿ, ನಕ್ಷತ್ರ, ಸ್ವರ್ಗ ಎಲ್ಲ ಸೇರಿದ ಅವನ ಇಡೀ ವಿಶ್ವ ನಮಗೂ ಸೂರ್ಯನಿಗೂ ನಡುವೆ ಹಿಡಿಸಿ ಇನ್ನೂ ಜಾಗ ಮಿಗುತ್ತದೆ.

ನಗಬೇಕೆನಿಸಲಿಲ್ಲ. ಸುಮಾರು 1400 ವರ್ಷ ಜನ ಆ ಮನೆಯೊಳಗೆ ನೆಮ್ಮದಿಯಾಗಿದ್ದರು. ವೃತ್ತದ ಮೇಲೆ ವೃತ್ತ ಏರಿಸಿದ ಅವನ ಅಧಿವೃತ್ತಗಳನ್ನು ಹೀಗಳೆಯುವವರು ಒಂದು ಸಲ ಕೂತು ಕುಜನ ಸ್ಥಾನವನ್ನು ಅವನ ರೀತಿಯಲ್ಲಿ ಲೆಕ್ಕ ಹಾಕಿ ನೋಡಲಿ. ಲೆಕ್ಕ ಬರುತ್ತದೆ! ಅದೇ ಕಷ್ಟ. ತಪ್ಪು ಮಾದರಿಗೂ ಲೆಕ್ಕ ಬರುತ್ತದೆ. ಕೋಪರ್ನಿಕಸ್ ಬಂದ ಮೇಲೂ ಲೆಕ್ಕವೇನೂ ಹೆಚ್ಚು ಸುಧಾರಿಸಲಿಲ್ಲ. ಅವನೂ ವೃತ್ತ ಬಿಡಲಿಲ್ಲ, ಅವನಲ್ಲೂ ಅಧಿವೃತ್ತಗಳಿವೆ. ಅವನ ಚಂದ್ರನ ಲೆಕ್ಕವಂತೂ ಡಮಾಸ್ಕಸ್‌ನ ಮಸೀದಿಯಲ್ಲಿ ನಮಾಜಿನ ಹೊತ್ತು ನೋಡಿಕೊಳ್ಳುತ್ತಿದ್ದ ಇಬ್ನ್ ಅಲ್ ಶಾತಿರ್ ಹದಿನಾಲ್ಕನೇ ಶತಮಾನದಲ್ಲೇ ಕಟ್ಟಿದ್ದ ಲೆಕ್ಕದ ಪ್ರತಿಯಂತಿದೆ. ಹೇಗೆ ತಲುಪಿತೋ, ತಲುಪಿತೋ ಇಲ್ಲವೋ.

ಅಲ್ಮಗೆಸ್ಟ್ ಬರೆದ ಟಾಲೆಮಿಯೇ ಟೆಟ್ರಾಬಿಬ್ಲೋಸ್ ಎಂಬ ಜ್ಯೋತಿಷ್ಯದ ಪುಸ್ತಕವನ್ನೂ ಬರೆದ. ಅದರಲ್ಲಿ ಕುಜ ಪಾಪಗ್ರಹ. ಅಲ್ಲೂ ತಪ್ಪಿಸಿಕೊಳ್ಳಲಿಲ್ಲ ಅವನು.

ಜನವರಿ 10, ವೈಕುಂಠ ಏಕಾದಶಿ

ಅತ್ತೆಯನ್ನು ಕರೆದುಕೊಂಡು ದೇವಸ್ಥಾನಕ್ಕೆ. ಸಾಲು ರಸ್ತೆಯ ತಿರುವಿನವರೆಗೆ. ಹಿಂದಿದ್ದವರೊಬ್ಬರು ಪಂಚಾಂಗದ ಮಾತು ಎತ್ತಿದರು: ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ತಿಥಿ ಕೆಲವು ಗಂಟೆ ಹೆಚ್ಚುಕಮ್ಮಿ ಬರುತ್ತದೆ, ಏಕಾದಶಿಯೇ ಒಮ್ಮೊಮ್ಮೆ ಬೇರೆ ಬೇರೆ ದಿನ ಬೀಳುತ್ತದೆ, ಯಾವುದನ್ನು ನಂಬುವುದು?

ಅತ್ತೆ ಹೇಳಿದರು: "ಆಕಾಶದಲ್ಲಿ ಯಾವತ್ತಿದೆಯೋ ಅವತ್ತು."

ಇದನ್ನೇ ಪರಮೇಶ್ವರ ಹೇಳಿದ್ದು, 1431ರಲ್ಲಿ, ಕೇರಳದಲ್ಲಿ. ಐವತ್ತೈದು ವರ್ಷ ಗ್ರಹಣಗಳನ್ನು ನೋಡಿ ನೋಡಿ, ಹಳೆಯ ಲೆಕ್ಕ ಆಕಾಶಕ್ಕೆ ಹೊಂದುತ್ತಿಲ್ಲ ಎಂದು ಹೊಸ ಲೆಕ್ಕ ಕಟ್ಟಿ ಅದಕ್ಕೆ ದೃಗ್ಗಣಿತ ಎಂದು ಹೆಸರಿಟ್ಟ. ಅವನ ಮಗನ ಶಿಷ್ಯ ನೀಲಕಂಠ. ಅತ್ತೆಗೆ ಹೇಳಿದೆ. "ಹಂಗಾದ್ರೆ ನಾನೂ ಪಂಡಿತಳೇ" ಅಂದರು.

ಸಂಜೆ ಶುಕ್ರ ಸೂರ್ಯನಿಂದ 47 ಡಿಗ್ರಿ. ಇದಕ್ಕಿಂತ ದೂರ ಇನ್ನು ಹೋಗುವುದಿಲ್ಲ.

ಜನವರಿ 14, ಸಂಕ್ರಾಂತಿ

ಎಳ್ಳು ಬೀರಲು ಬಂದ ಪಕ್ಕದ ಮನೆಯ ಹುಡುಗಿ, "ಆಂಟಿ, ಇವತ್ತಿಂದ ಹಗಲು ಜಾಸ್ತಿ ಅಲ್ವಾ?" ಎಂದಳು. ಅಲ್ಲ ಕಣಮ್ಮ, ಡಿಸೆಂಬರ್ 21ಕ್ಕೇ ಆಯಿತು ಅಂದೆ. ಸುಮಾರು 1700 ವರ್ಷಗಳ ಹಿಂದೆ ಸಂಕ್ರಾಂತಿಯೂ ಆ ದಿನವೂ ಒಂದೇ ಆಗಿದ್ದವು, ಭೂಮಿಯ ಅಕ್ಷ ಮೆಲ್ಲಗೆ ವಾಲಾಡುವುದರಿಂದ ಈಗ ಮೂರು ವಾರಕ್ಕೂ ಹೆಚ್ಚು ಅಂತರ. ಅವಳ ಅಮ್ಮ ನನ್ನನ್ನು ಹಬ್ಬದ ದಿನ ಇದೇನು ಎನ್ನುವಂತೆ ನೋಡಿದರು. ಸಕ್ಕರೆ ಅಚ್ಚು ಕೊಟ್ಟು ಕಳಿಸಿದೆ.

ಸೂರ್ಯಸಿದ್ಧಾಂತದ ವರ್ಷ ನಿಜದ ನಾಕ್ಷತ್ರಿಕ ವರ್ಷಕ್ಕಿಂತ ಮೂರೂವರೆ ನಿಮಿಷದಷ್ಟು ಉದ್ದ. ಬರಿಗಣ್ಣಿನವರು ಕಟ್ಟಿದ ಮಾದರಿಯಲ್ಲಿ ವರ್ಷಕ್ಕೆ ಮೂರೂವರೆ ನಿಮಿಷ! ಇದನ್ನು ತಪ್ಪು ಎನ್ನಲು ಬಾಯಿ ಬರುವುದಿಲ್ಲ. ಆದರೆ 1500 ವರ್ಷ ಕಳೆದರೆ ಮೂರೂವರೆ ದಿನ. ತಿದ್ದದೆ ಬಿಟ್ಟವರದ್ದು ತಪ್ಪು.

ರಾತ್ರಿ ಚಂದ್ರ, ಕುಜ, ಪುನರ್ವಸು ಒಂದೇ ಕಡೆ. ಕುಜ ಚೆನ್ನಾಗಿಯೇ ಹಿಂದೆ ಬಂದಿದ್ದಾನೆ.

ಜನವರಿ 16

ಸೂರ್ಯ ಮುಳುಗುವಾಗ ಎದುರಿಗೆ ಕುಜ ಎದ್ದ. ಭೂಮಿ ನಡುವೆ, ಆ ಕಡೆ ಸೂರ್ಯ, ಈ ಕಡೆ ಕುಜ. ದೂರ ಸುಮಾರು 9.6 ಕೋಟಿ ಕಿಲೋಮೀಟರ್.

ಅಂದರೆ ಈಗ ಕುಜ ಸೂರ್ಯನಿಗಿಂತ ಹತ್ತಿರ. ಟಾಲೆಮಿಯಲ್ಲಿ ಇದು ಆಗುವುದೇ ಇಲ್ಲ. ಅಲ್ಲಿ ಕುಜ ಯಾವಾಗಲೂ ಸೂರ್ಯನ ಆಚೆ. ಕೋಪರ್ನಿಕಸ್‌ನಲ್ಲಿ ಆಗುತ್ತದೆ. ಟೈಕೋನಲ್ಲೂ ಆಗುತ್ತದೆ, ಅವನ ಚಿತ್ರದಲ್ಲಿ ಕುಜನ ವೃತ್ತ ಸೂರ್ಯನ ವೃತ್ತವನ್ನು ಕತ್ತರಿಸಿಕೊಂಡು ಹೋಗುತ್ತದೆ. ಗಟ್ಟಿ ಗೋಳಗಳಿದ್ದರೆ ಇದು ಸಾಧ್ಯವೇ ಇರಲಿಲ್ಲ. ಧೂಮಕೇತು ದಾರಿ ಬಿಡಿಸಿಕೊಟ್ಟಿತ್ತು. 1582ರಲ್ಲಿ ಕುಜ ಹೀಗೆ ಎದುರು ಬಂದಾಗ ಟೈಕೋ ಅದರ ದೂರ ಅಳೆಯಲು ಹೊರಟ. ಅವನ ಹಿತ್ತಾಳೆಗೆ ಅದು ಸಿಗುವಂಥದ್ದಲ್ಲ. ಬೇಕಾಗಿದ್ದದ್ದು ವಿಕಲೆಗಳ, ಅಂದರೆ ಕಲೆಯ ಅರವತ್ತನೆಯ ಭಾಗಗಳ, ಸೂಕ್ಷ್ಮ.

ಇವರು ಕೂಡ ಮೇಲೆ ಬಂದು ನೋಡಿದರು. "ಹಿಂದೆ ಹೋಗೋದು ಅಂದ್ರೆ ನಿಜವಾಗಲೂ ಹಿಂದೆ ಹೋಗ್ತಾನಾ?" ಬೆಂಗಳೂರು ರಸ್ತೆಯಲ್ಲಿ ನಮ್ಮ ಬಸ್ಸು ಪಕ್ಕದ ಲಾರಿಯನ್ನು ಹಿಂದೆ ಹಾಕುವಾಗ ಲಾರಿ ಹಿಂದಕ್ಕೆ ಹೋದಂತೆ ಕಾಣುತ್ತದಲ್ಲ, ಅದೇ ಅಂದೆ. ನಾವೇ ಮುಂದೆ ಹೋಗುತ್ತಿದ್ದೇವೆ. "ಹಂಗಾದ್ರೆ ವಕ್ರ ನಾವು" ಅಂದರು.

ಜನವರಿ 22

ಪುನರ್ವಸುವಿನ ಎರಡು ತಾರೆ, ಕುಜ, ಮೂರೂ ಒಂದೇ ಸಾಲು. ನಿನ್ನೆ ಮಿಥುನಕ್ಕೆ ಬಂದನೆಂದು ಪಂಚಾಂಗ.

ನೀಲಕಂಠ ಸೋಮಯಾಜಿ. ತೃಕ್ಕಂಡಿಯೂರು, ಈಗಿನ ತಿರೂರಿನ ಹತ್ತಿರ. 1444ರಲ್ಲಿ ಹುಟ್ಟಿದ. 1500ರಲ್ಲಿ ತಂತ್ರಸಂಗ್ರಹ. ಅವನವರೆಗೂ ಬುಧ ಶುಕ್ರರ ಲೆಕ್ಕದಲ್ಲಿ ಒಂದು ವಿಚಿತ್ರ ಇತ್ತು: ವೇಗ ಏರಿಳಿಯುವುದಕ್ಕೆ ಮಾಡುವ ತಿದ್ದುಪಡಿಯನ್ನು, ಮಂದಸಂಸ್ಕಾರವನ್ನು, ಗ್ರಹಕ್ಕೆ ಕೊಡದೆ ಸೂರ್ಯನಿಗೆ ಕೊಡುತ್ತಿದ್ದರು. ಉತ್ತರ ಸರಿಯಾಗಿ ಬರುತ್ತಿರಲಿಲ್ಲ. ನೀಲಕಂಠ ಅದನ್ನು ಗ್ರಹಕ್ಕೇ ಕೊಟ್ಟ. ಸಣ್ಣ ತಿದ್ದುಪಡಿ, ಲೆಕ್ಕದ ಹಲಗೆಯ ಮೇಲೆ ಒಂದು ಸಾಲು. ಆದರೆ ಹಾಗೆ ಕೊಟ್ಟಕೂಡಲೇ ಬುಧ ಶುಕ್ರರು ಸುತ್ತುವುದು ಸೂರ್ಯನನ್ನು ಎಂದು ಒಪ್ಪಿದಂತಾಯಿತು. ಆಮೇಲಿನ ಬರಹಗಳಲ್ಲಿ ಐದು ಗ್ರಹಗಳಿಗೂ ಅದನ್ನೇ ಹೇಳಿದ.

ಯಾವ ಗಲಾಟೆಯೂ ಆಗಲಿಲ್ಲ. ಯಾರೂ ಸುಡಲಿಲ್ಲ, ನಿಷೇಧಿಸಲಿಲ್ಲ. ಯಾರೂ ಬೆಚ್ಚಿಯೂ ಬೀಳಲಿಲ್ಲ. ಅದು ಒಳ್ಳೆಯದಾ? ಜಗಳವೇ ಇಲ್ಲದ ಕಡೆ ಮಾದರಿ ಲೆಕ್ಕವಾಗಿ ಉಳಿದುಬಿಟ್ಟಿತಾ? ಈ ಪ್ರಶ್ನೆ ಅಧ್ಯಾಯದಲ್ಲಿ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

ನೀಲಕಂಠನಿಂದ ಟೈಕೋಗೆ ಹೋಯಿತೆಂದು ಹೇಳಲು ಯಾವ ಕುರುಹೂ ಇಲ್ಲ. ಇಬ್ಬರೂ ಆಕಾಶವನ್ನು ನೋಡಿದರು, ಇಬ್ಬರ ಕಾಲಡಿಯ ನೆಲವೂ ಅಲ್ಲಾಡಲಿಲ್ಲ. ಅಷ್ಟೇ ಸಾಕು ಇಬ್ಬರೂ ಒಂದೇ ಕಡೆ ಬಂದು ನಿಲ್ಲಲು.

ಜನವರಿ 25

ವಾಟ್ಸಾಪ್ ತುಂಬ ಗ್ರಹಗಳ ಪರೇಡ್. ಆರು ಗ್ರಹ ಒಂದೇ ಗೆರೆಯಲ್ಲಿ ನಿಲ್ಲುತ್ತವಂತೆ. ಎಲ್ಲಿ ನಿಲ್ಲುತ್ತವೆ! ಗ್ರಹಗಳು ಯಾವಾಗಲೂ ಆ ಒಂದೇ ದಾರಿಯಲ್ಲೇ ಇರುತ್ತವೆ, ಈಗ ಸಂಜೆ ಒಟ್ಟಿಗೆ ಕಾಣುತ್ತಿವೆ ಅಷ್ಟೆ.

ಫ್ರಾನೆಕರ್ ನೆನಪಾಯಿತು. 1774ರ ಮೇ 8, ಗ್ರಹಗಳು ಒಂದೆಡೆ ಸೇರಿ ಪ್ರಳಯ ಎಂದು ನೆದರ್ಲೆಂಡ್ಸ್‌ನ ಆ ಊರಿನಲ್ಲಿ ಜನ ಹೆದರಿದರು. ಉಣ್ಣೆ ಬಾಚುವ ಐಸ್ ಐಸಿಂಗಾ ಹೆದರಿಕೆ ಬಿಡಿಸಲು ತನ್ನ ಮನೆಯ ಹಜಾರದ ಮಾಳಿಗೆಗೇ ಸೌರವ್ಯೂಹ ಕಟ್ಟಲು ಕೂತ. ಮರದ ಚಕ್ರ, ಹಲ್ಲುಗಳಿಗೆ ಕೈಯಲ್ಲಿ ಬಡಿದ ಸುಮಾರು ಹತ್ತು ಸಾವಿರ ಮೊಳೆ, ಗಡಿಯಾರದ ಲೋಲಕ. ಒಂದು ಮಿಲಿಮೀಟರಿಗೆ ಹತ್ತು ಲಕ್ಷ ಕಿಲೋಮೀಟರ್. ಅಲ್ಲಿ ಶನಿ ಇಂದಿಗೂ ಇಪ್ಪತ್ತೊಂಬತ್ತೂವರೆ ವರ್ಷಕ್ಕೊಮ್ಮೆ ಸುತ್ತು ಮುಗಿಸುತ್ತಾನೆ. ಮುಗಿಸಿದ್ದು 1781ರಲ್ಲಿ, ಅದೇ ವರ್ಷ ಹರ್ಷೆಲ್ ಯುರೇನಸ್ ಕಂಡ. ಮಾಳಿಗೆಯಲ್ಲಿ ಜಾಗವಿರಲಿಲ್ಲ. ಇದಕ್ಕೆ ಒಂದು ಪುಟ ಕೊಡಲೇಬೇಕು, ಸಂಪಾದಕರು ಏನಾದರೂ ಅನ್ನಲಿ. ಉಣ್ಣೆ ಬಾಚುವವನು!

ಫೆಬ್ರವರಿ 9

ಚಂದ್ರ ಕುಜನ ಪಕ್ಕದಲ್ಲೇ. ಬೈನಾಕ್ಯುಲರಿನಲ್ಲಿ ಕೋಪರ್ನಿಕಸ್ ಕುಳಿ ಕಂಡಿತು, ಕೆಳಗೆ ಟೈಕೋ ಕುಳಿ, ಅದರಿಂದ ಹೊರಟ ಬಿಳಿ ಗೆರೆಗಳು.

ಹೆಸರಿಟ್ಟವನು ರಿಚೋಲಿ, ಜೆಸುಯಿಟ್ ಪಾದ್ರಿ. 1651ರಲ್ಲಿ ಬೊಲೋನ್ಯದಲ್ಲಿ ದೊಡ್ಡ ಗ್ರಂಥ. ಮುಖಚಿತ್ರದಲ್ಲಿ ದೇವತೆಯ ಕೈಯಲ್ಲಿ ತಕ್ಕಡಿ. ಒಂದು ತಟ್ಟೆಯಲ್ಲಿ ಕೋಪರ್ನಿಕಸ್ ಮಾದರಿ, ಮೇಲೆದ್ದಿದೆ, ಹಗುರ. ಇನ್ನೊಂದರಲ್ಲಿ ಟೈಕೋ ಮಾದರಿಯನ್ನು ರಿಚೋಲಿ ತುಸು ಬದಲಿಸಿದ್ದು, ತೂಕ. ಟಾಲೆಮಿ ನೆಲದ ಮೇಲೆ ಬಿದ್ದಿದ್ದಾನೆ. ಒಳಗೆ ಭೂಮಿ ಚಲಿಸುತ್ತದೆ, ಚಲಿಸುವುದಿಲ್ಲ ಎಂಬುದಕ್ಕೆ 126 ವಾದ, 49 ಪರ, 77 ವಿರೋಧ. ಅಷ್ಟು ತೂಗಿ ತೂಗಿ ಕೋಪರ್ನಿಕಸ್ ತಪ್ಪು ಎಂದವನು ಚಂದ್ರನ ಮೇಲೆ ಅತಿ ಸೊಗಸಾದ ಕುಳಿಗಳಲ್ಲೊಂದನ್ನು ಅವನ ಹೆಸರಿಗೇ ಬರೆದ.

ಈ ಮನುಷ್ಯ ನನಗೆ ಇಷ್ಟವಾಗಿಬಿಟ್ಟಿದ್ದಾನೆ.

ಫೆಬ್ರವರಿ 11, ಮಂಗಳವಾರ

ಅತ್ತೆ ಮೆಲ್ಲಗೆ: "ಒಂದು ಕುಜಶಾಂತಿ ಮಾಡಿಸಿಬಿಡೋಣ ಕಣೇ. ಮಾಡಿಸಿದರೆ ಹೋಗೋದೇನು?"

ಬೇಡ ಅನ್ನಲಿಲ್ಲ. ಆಗಲಿ ಅಂತಲೂ ಅನ್ನಲಿಲ್ಲ. ಒಗ್ಗರಣೆಗೆ ಹೋದೆ.

ಅತ್ತೆಗೆ ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಕುಜ ಮೊಮ್ಮಗಳ ಮದುವೆ ತಡೆಯುತ್ತಾನೆ ಎಂಬುದರಲ್ಲೂ ಇಲ್ಲ. ಎರಡೂ ಅವರ ತಲೆಯಲ್ಲಿ ಜಗಳವಿಲ್ಲದೆ ಇವೆ. ನನ್ನ ತಲೆಯಲ್ಲಿ ಜಗಳವಿದೆ, ಆದರೂ ಬಾಯಿ ಬರಲಿಲ್ಲ. ಟೈಕೋ ನಡುವೆ ನಿಂತದ್ದಕ್ಕೆ ಅವನ ಹತ್ತಿರ ಅಳತೆ ಇತ್ತು. ನಾನು ನಡುವೆ ನಿಂತದ್ದಕ್ಕೆ?

ಮಗಳಿಗೆ ಹೇಳಿಲ್ಲ.

ಫೆಬ್ರವರಿ 24

ಇವತ್ತು ಕುಜ ನಿಂತ. ಮತ್ತೆ ಪೂರ್ವಕ್ಕೆ. ನೋಟ್‌ಬುಕ್ಕಿನ ಚುಕ್ಕಿಗಳನ್ನು ಸೇರಿಸಿದೆ. ಚೆಂದದ ಗಂಟೇನೂ ಬರಲಿಲ್ಲ, ಚಪ್ಪಟೆಯಾದ ಸೊಟ್ಟ ಗೆರೆ. ಇಷ್ಟಕ್ಕೆ ಎಷ್ಟೊಂದು ಪುಸ್ತಕ.

ಪುರೋಹಿತರು ಅತ್ತೆಗೆ ದಿನ ಹೇಳಿದ್ದಾರೆ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಲ್ಲ.

ಮಾರ್ಚ್ 2

ಮಗಳು ಬಂದಿದ್ದಾಳೆ. ಸಂಜೆ ಇನ್ನೂ ಬೆಳಕಿರುವಾಗಲೇ ಬೈನಾಕ್ಯುಲರನ್ನು ಪ್ಯಾರಪೆಟ್ಟಿನ ಮೇಲೆ ಊರಿ ಶುಕ್ರನನ್ನು ತೋರಿಸಿದೆ. "ಅಯ್ಯೋ, ಚಂದ್ರನ ಥರ ಇದೆ!" ಹೌದು, ತೆಳ್ಳನೆಯ ಬಿದಿಗೆ ಚಂದ್ರನ ಹಾಗೆ. ಅಜ್ಜಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ ಅವರಿಗೂ ತೋರಿಸಿದಳು. ಅತ್ತೆ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

1610ರ ಕೊನೆಯಲ್ಲಿ ಗೆಲಿಲಿಯೋ ಕಂಡದ್ದು ಇದು. ಶುಕ್ರನಿಗೆ ಪೂರ್ಣ ವೃದ್ಧಿಕ್ಷಯ ಇದೆ ಎಂದರೆ ಅದು ಸೂರ್ಯನನ್ನು ಸುತ್ತುತ್ತಿದೆ. ಟಾಲೆಮಿ ಅಲ್ಲಿಗೆ ಮುಗಿದ. ಆದರೆ ಟೈಕೋನಲ್ಲೂ ಶುಕ್ರ ಸೂರ್ಯನನ್ನೇ ಸುತ್ತುತ್ತಾನೆ! ಗುರುವಿನ ಚಂದ್ರರೂ ಟೈಕೋಗೆ ಅಡ್ಡಿಯಲ್ಲ. ಗೆಲಿಲಿಯೋ 1632ರ ಪುಸ್ತಕದಲ್ಲಿ ವಾದ ಹೂಡಿದ್ದು ಟಾಲೆಮಿ ಮತ್ತು ಕೋಪರ್ನಿಕಸ್ ನಡುವೆ. ನಿಜವಾಗಿ ಎದುರಿಗೆ ನಿಂತಿದ್ದ ಟೈಕೋನನ್ನು ಅಖಾಡಕ್ಕೇ ಕರೆಯಲಿಲ್ಲ. ಜಾಣತನ. ನನಗೆ ಅಷ್ಟು ಹಿಡಿಸುವುದಿಲ್ಲ. ಗೆಲಿಲಿಯೋಗೆ ಆದ ಅನ್ಯಾಯ ದೊಡ್ಡದು, ಅದು ಬೇರೆ ಮಾತು.

ಭೂಮಿ ಚಲಿಸುವುದರ ಮೊದಲ ನೇರ ಸಾಕ್ಷಿ 1729ರಲ್ಲಿ, ಬ್ರಾಡ್ಲಿಯಿಂದ: ನಾವು ಓಡುತ್ತಿರುವುದರಿಂದ ನಕ್ಷತ್ರದ ಬೆಳಕು ಸುಮಾರು 20 ವಿಕಲೆ ವಾಲಿ ಬರುತ್ತದೆ. ಅವನು ಹುಡುಕಲು ಹೊರಟದ್ದು ಪ್ಯಾರಲಾಕ್ಸ್, ಸಿಕ್ಕಿದ್ದು ಇದು. ಪ್ಯಾರಲಾಕ್ಸ್ ಸಿಕ್ಕಿದ್ದು ಬೆಸೆಲ್‌ಗೆ, 1838ರಲ್ಲಿ. ರಾಜಹಂಸ ರಾಶಿಯ ಒಂದು ಮಂಕು ನಕ್ಷತ್ರ, ವಿಕಲೆಯ ಮೂರನೇ ಒಂದು ಭಾಗ. ಟೈಕೋನ ಒಂದು ಕಲೆಗಿಂತ ಸುಮಾರು 190 ಪಟ್ಟು ಸೂಕ್ಷ್ಮ. ಕೋಪರ್ನಿಕಸ್ ಪುಸ್ತಕ ಅಚ್ಚಾಗಿ 295 ವರ್ಷ.

ರಾತ್ರಿ ಊಟಕ್ಕೆ ಕೂತಾಗ ಅತ್ತೆಯೇ ಮಗಳಿಗೆ ಶಾಂತಿಯ ವಿಷಯ ಹೇಳಿಬಿಟ್ಟರು. ನಾನು ತಟ್ಟೆ ನೋಡುತ್ತಿದ್ದೆ. ಮಗಳು ನನ್ನನ್ನು ನೋಡಿದಳು. "ಅಮ್ಮಾ, ನೀನು ಏನಂದೆ?"

ಇನ್ನೂ ಏನೂ ಅಂದಿಲ್ಲ.

ಮಾರ್ಚ್ 7

ಸಾಮಂತ ಚಂದ್ರಶೇಖರರ ಅಧ್ಯಾಯ ಕಷ್ಟ ಕೊಡುತ್ತಿದೆ. ಒಡಿಶಾದ ಖಂಡಪಡಾ. ಜನ ಪಠಾಣಿ ಸಾಮಂತ ಎನ್ನುತ್ತಾರೆ. 1835ರಲ್ಲಿ ಹುಟ್ಟು. ತಾಳೆಗರಿಯಲ್ಲಿ ಸಂಸ್ಕೃತ ಶ್ಲೋಕಗಳಲ್ಲಿ ಸಿದ್ಧಾಂತ ದರ್ಪಣ. 1899ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಮಾನಯಂತ್ರ ಎಂಬ ಕೋಲಿಗೆ ಕೋಲು ಕೂಡಿಸಿದ ಉಪಕರಣ ಕೈಯಲ್ಲಿ ಹಿಡಿದು, ಬರಿಗಣ್ಣಿನಿಂದ, ಹಳೆಯ ಲೆಕ್ಕಗಳನ್ನೆಲ್ಲ ಆಕಾಶಕ್ಕೆ ಹಚ್ಚಿ ತಿದ್ದಿದರು. ಟೈಕೋ ಹೆಸರು ಕೇಳದೆಯೇ ಟೈಕೋ ಮಾದರಿಗೆ ಬಂದರು. ಪುರಿ ಜಗನ್ನಾಥ ದೇವಸ್ಥಾನದ ಆಚರಣೆಗಳಿಗೆ ಅವರ ಲೆಕ್ಕವೇ ಆಧಾರವಾಯಿತು.

1588ರಲ್ಲಿ ಟೈಕೋಗೆ ಕೊಟ್ಟ ರಿಯಾಯಿತಿಯನ್ನು 1899ರಲ್ಲಿ ಇವರಿಗೆ ಕೊಡಬಹುದೇ? ಅಷ್ಟು ಹೊತ್ತಿಗೆ ಬೆಸೆಲ್ ಅಳೆದು ಅರವತ್ತು ವರ್ಷ. ಆದರೆ ಬೆಸೆಲ್ ಖಂಡಪಡಾಕ್ಕೆ ಬಂದಿರಲಿಲ್ಲ. ಗ್ರಂಥ ಕಟ್ಟುವಾಗ ಇವರ ಹತ್ತಿರ ದೂರದರ್ಶಕ ಇರಲಿಲ್ಲ, ಇಂಗ್ಲಿಷ್ ಇರಲಿಲ್ಲ. ತಮಗೆ ಸಿಕ್ಕಿದ ಸಾಕ್ಷಿಯ ಮಟ್ಟಿಗೆ ಅವರು ಪ್ರಾಮಾಣಿಕರು. ಸಾಕ್ಷಿ ಸಿಗದ ಕಡೆ ಇದ್ದದ್ದು ಅವರ ತಪ್ಪಲ್ಲ. ಸಿಕ್ಕಮೇಲೂ ನಡುವೆಯೇ ನಿಂತವರ ಬಗ್ಗೆ ಏನು ಬರೆಯುವುದು, ಗೊತ್ತಿಲ್ಲ. ಆ ಪ್ಯಾರಾ ಖಾಲಿ ಬಿಟ್ಟಿದ್ದೇನೆ.

ಮಾರ್ಚ್ 12

ಸಂಪಾದಕರಿಗೆ ಮೇಲ್ ಕಳಿಸಿದೆ. ಹೊದಿಕೆಯ ಸಾಲು ಬೇಡ. ಆರ್ಯಭಟನ ಬಗ್ಗೆ ಅವನು ಹೇಳಿದ್ದಷ್ಟೇ ಇರುತ್ತದೆ. ಐಸಿಂಗಾಗೆ ಒಂದು ಪುಟ. ನೀಲಕಂಠ, ಟೈಕೋ, ಸಾಮಂತರು ಮೂವರೂ ಇರುತ್ತಾರೆ, ಪುಟ ಕಡಿಮೆ ಮಾಡಬೇಕಿದ್ದರೆ ನ್ಯೂಟನ್ನಿನಿಂದ ಮಾಡಿ, ಅವನ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟಿದೆ. ಅಧ್ಯಾಯಗಳ ಕ್ರಮವನ್ನೂ ಬದಲಾಯಿಸಿದ್ದೇನೆ. ನೀಲಕಂಠ ಪರಿಶಿಷ್ಟದಲ್ಲಲ್ಲ, ಕೋಪರ್ನಿಕಸ್‌ಗೂ ಟೈಕೋಗೂ ಮೊದಲು ಬರುತ್ತಾನೆ. ಹೆಮ್ಮೆಗಲ್ಲ. 1500 ಆದಮೇಲೆ 1543, ಆಮೇಲೆ 1588.